‘ಅಂಕಲ್ ಟಾಮ್ಸ್ ಕ್ಯಾಬಿನ್’ ಓದಿಸೋದು ಹೇಗೆ?

ಪ್ರಶ್ನೆ (ಶಿರಸಿ): ಇದು ಅಮೆರಿಕದ ಗುಲಾಮಗಿರಿ ಕುರಿತು ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ಕಾದಂಬರಿ. ಅದರ ನಾಯಕ, ಗುಲಾಮ ಟಾಮ್, ಬರೀ ತಲೆಬಾಗುವ ಆಳು ಅಂತ ನಮ್ಮ ಓದು ಬಳಗದ ಕಾಲೇಜು ಹುಡುಗರು ತಳ್ಳಿಹಾಕ್ತಾರೆ. 45 ಅಧ್ಯಾಯದಲ್ಲಿ ಎಲ್ಲಿಂದ ಶುರು ಮಾಡಿಸಲಿ?

ಕಾರವಾರ: 33 ಮತ್ತು 40ರಿಂದ. ಹೆಂಗಸಿಗೆ ಚಾಟಿ ಬೀಸು ಅಂದರೆ ಟಾಮ್ ಒಲ್ಲೆ ಅಂತಾನೆ. ತಪ್ಪಿಸಿಕೊಂಡ ಇಬ್ಬರ ಸುಳಿವು ಕೇಳಿ ಸಾಯುವಂತೆ ಹೊಡೆದರೂ ಬಾಯಿ ಬಿಡೋದಿಲ್ಲ. ಆ ತಲೆಬಾಗುವ ಮುದುಕನನ್ನು ಬೆಳೆಸಿದ್ದು ಕಾದಂಬರಿಯನ್ನು ರಂಗಕ್ಕೆ ತಂದ ನಾಟಕ ಕಂಪನಿಗಳು.

ಯಲ್ಲಾಪುರ: ಆದರೂ ಆಕ್ಷೇಪ ಸುಳ್ಳಲ್ಲ. 1949ರಲ್ಲೇ ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಕಾದಂಬರಿಯ ಅತಿಭಾವುಕತೆಯನ್ನು ಝಾಡಿಸಿದ್ದಾರೆ. ಗುಲಾಮಗಿರಿಯಿಂದ ಪಾರಾದ ಜಾರ್ಜ್ ಹ್ಯಾರಿಸ್‌ನನ್ನು ಆಫ್ರಿಕಾದ ಲೈಬೀರಿಯಾಕ್ಕೆ ಸಾಗಹಾಕುವ ಕೊನೆ ನನಗೂ ಒಪ್ಪಿಗೆಯಿಲ್ಲ. ಜೊತೆಗೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥೆ ಓದಿಸಿ. ಬಳಗದಲ್ಲಿ ಆಫ್ರಿಕಾ ಮೂಲದ ಸಿದ್ದಿ ಹುಡುಗರಿದ್ದರೆ, ಎಲ್ಲರೆದುರು ಅವರೊಬ್ಬರನ್ನೇ ಎಬ್ಬಿಸಿ ಅಭಿಪ್ರಾಯ ಕೇಳಬೇಡಿ.

ಕುಮಟಾ: 9ನೇ ಅಧ್ಯಾಯ ಬಿಡಬೇಡಿ. ಓಡಿಬಂದ ಗುಲಾಮರಿಗೆ ನೆರವು ಕೊಡಬಾರದೆಂದು ಮತ ಹಾಕಿದ ಸೆನೆಟರ್, ಮಗನೊಡನೆ ಓಡಿಬಂದ ಗುಲಾಮ ಹೆಂಗಸು ಎಲೈಜಾಳನ್ನು ರಾತ್ರೋರಾತ್ರಿ ತಾನೇ ಗಾಡಿಯಲ್ಲಿ ದಾಟಿಸ್ತಾನೆ. ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ 1850ರ ಕಾಯ್ದೆ ಮೊದಲೇ ವಿವರಿಸಿ, ಇಲ್ಲದಿದ್ದರೆ ಅವನ ಇಕ್ಕಟ್ಟು ಹುಡುಗರಿಗೆ ತಿಳಿಯೋದಿಲ್ಲ.