ಅಪ್‌ಡೇಟ್: ಶಿರಸಿಯ ನಮ್ಮ ನಾಯಿಯ ಚಿಗಟ ಕಡಿಮೆಯಾಯ್ತು

ಕೆಮಿಕಲ್ ಹಚ್ಚದೆ ನಾಯಿಯ ಚಿಗಟ ಓಡಿಸೋದು ಹೇಗೆ ಅಂತ ಕೇಳಿದ್ದೆ. ಕೆಲಸಕ್ಕೆ ಬಂದಿದ್ದು ಸಣ್ಣ ಹಲ್ಲಿನ ಬಾಚಣಿಗೆ. ಕಿವಿ ಹಿಂದೆ, ಬಾಲದ ಬುಡದಲ್ಲಿ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಹಾಕಿ, ಮುಳುಗಿ ಸಾಯುತ್ತವೆ. ಕರಿ ಪುಡಿ ಬಂದರೆ ಒದ್ದೆ ಬಿಳಿ ಬಟ್ಟೆ ಮೇಲೆ ಉದುರಿಸಿ ನೋಡಿ. ಕೆಂಪಾದರೆ ಅದು ಚಿಗಟದ ಹಿಕ್ಕೆ, ಅದರಲ್ಲಿರೋದು ನಾಯಿಯದೇ ರಕ್ತ!

ಬೇವಿನೆಣ್ಣೆಯಿಂದ ವಾಸನೆ ಬಂತೇ ಹೊರತು ಚಿಗಟ ಹೋಗಲಿಲ್ಲ. ಬೆಳ್ಳುಳ್ಳಿ ತಿನ್ನಿಸೋದಂತೂ ಬೇಡವೇ ಬೇಡ ಅಂದರು ಡಾಕ್ಟರ್, ನಾಯಿಯ ರಕ್ತಕಣ ಹಾಳಾಗುತ್ತವಂತೆ.

ಆಶ್ಚರ್ಯ ಅಂದ್ರೆ, ಚಿಗಟದ ಮೊಟ್ಟೆ, ಮರಿಹುಳ ನಾಯಿಯ ಮೈಮೇಲಿಗಿಂತ ಅದು ಮಲಗುವ ಗೋಣಿಚೀಲದಲ್ಲೇ ಜಾಸ್ತಿ. ಬಚ್ಚಲ ಹಂಡೆಯ ಬಿಸಿನೀರಲ್ಲಿ ಒಗೆದೆವು. ಈ ಮಳೆಯಲ್ಲಿ ಒಣಗಿಸೋದೇ ಕಷ್ಟ, ಒಲೆ ಪಕ್ಕ ಹರವಿದೆವು. ಮರಿಹುಳ ಗೂಡು ಕಟ್ಟಿ ಕೋಶವಾದರೆ ಅದರೊಳಗೆ ತಿಂಗಳುಗಟ್ಟಲೆ ಬದುಕುತ್ತೆ, ಅದಕ್ಕೇ ಬಾಚೋದು ಇನ್ನೂ ನಿಲ್ಲಿಸಿಲ್ಲ.