ಬಡಾವಣೆಯ ಬೀದಿನಾಯಿ, ಪಾರ್ಕಿಂಗ್ ಬೆಕ್ಕು: ಎಲ್ಲಿಂದ ಶುರು ಮಾಡಬೇಕು?

ಮೂರನೇ_ಅಡ್ಡರಸ್ತೆ:
ಬೆಂಗಳೂರು. ಮೂರು ಅಡ್ಡರಸ್ತೆ ಸೇರಿ ಹದಿನಾಲ್ಕು ನಾಯಿ, ಐದರ ಕಿವಿಗೆ ಮಾತ್ರ ಕಚ್ಚು (ಸಂತಾನಹರಣ ಆಪರೇಷನ್ ಆದ ಗುರುತು) ಇದೆ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಾಲ್ಕು ಬೆಕ್ಕು. ಸಂಘದಲ್ಲಿ ಅರ್ಧ ಜನ ‘ಊರಾಚೆ ಬಿಡಿಸಿ’ ಅಂತಾರೆ, ಉಳಿದವರು ಅನ್ನ ಹಾಕುವವರ ಜೊತೆ ಜಗಳಕ್ಕೆ ನಿಂತಿದ್ದಾರೆ. ನಾಯಿ ಹಿಡಿಯುವ ಗಾಡಿ ಒಮ್ಮೆ ಬಂದು ಎರಡನ್ನಷ್ಟೇ ಹಿಡಿದುಕೊಂಡು ಹೋಯಿತು. ಮುಂದೇನು?

ಬಲೆ_ಬೋನು:
ಊರಾಚೆ ಬಿಡುವ ಮಾತು ಕೈಬಿಡಿ. 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮದ ಪ್ರಕಾರ ಆಪರೇಷನ್, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶವೂ ಅದನ್ನೇ ಹೇಳುತ್ತದೆ. ರೇಬಿಸ್ ಇರುವ ಅಥವಾ ಶಂಕೆಯಿರುವ, ಮೇಲೆರಗುವ ನಾಯಿಗಳಿಗೆ ಮಾತ್ರ ವಿನಾಯಿತಿ. (ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣಕ್ಕೆ ಅದೇ ವರ್ಷದ ನವೆಂಬರ್ 7ರ ಪ್ರತ್ಯೇಕ ಆದೇಶ ಇದೆ.) ಕಾನೂನು ಪಕ್ಕಕ್ಕಿಟ್ಟರೂ, ಕೋಳಿ ಅಂಗಡಿ ಕಸ ಬೀಳುವ ಮೂಲೆ ಖಾಲಿಯಾದರೆ ಆಪರೇಷನ್ ಆಗದ ಪಕ್ಕದ ಬೀದಿ ನಾಯಿ ಬಂದು ಸೇರಿಕೊಳ್ಳುತ್ತೆ.

ಮೊದಲು ಎಣಿಕೆ. ಬೆಳಗಿನ ಐದೂವರೆಯಿಂದ ಆರೂವರೆಯೊಳಗೆ ಸುತ್ತಿ, ಪ್ರತಿ ನಾಯಿಯ ಎರಡೂ ಬದಿಯ ಫೋಟೊ ತೆಗೆಯಿರಿ. ಗಂಡೋ ಹೆಣ್ಣೋ, ಕಿವಿ ಕಚ್ಚು, ಕೆಚ್ಚಲು ಇಳಿದಿದೆಯೋ, ಮಲಗುವ ಗೇಟು ಯಾವುದು ಎಂದು ಬರೆದಿಡಿ. ಕಿವಿಗೆ ಕಚ್ಚು ಇಲ್ಲದ ಹೆಣ್ಣುಗಳೇ ಮೊದಲ ಪಟ್ಟಿ. ಆರು ತಿಂಗಳು ತುಂಬದ ಮರಿಗಳನ್ನೂ ಹಾಲೂಡಿಸುವ ತಾಯಿಯನ್ನೂ ಹಿಡಿಸಬೇಡಿ.

ಆಮೇಲೆ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟು, ಸಂಖ್ಯೆ ಇಟ್ಟುಕೊಂಡು ದಿನ ನಿಗದಿ ಮಾಡಿಸಿ. ಎರಡೇ ನಾಯಿ ಸಿಕ್ಕಿದ್ದಕ್ಕೆ ಕಾರಣ ಬಹುಶಃ ಇಷ್ಟೇ: ಗಾಡಿ ಬರುವಷ್ಟರಲ್ಲಿ ಹೊಟ್ಟೆ ತುಂಬಿದ ನಾಯಿಗಳು ಚದುರಿರುತ್ತವೆ, ಒಂದು ಬಲೆಗೆ ಬಿದ್ದು ಕಿರುಚಿದರೆ ಉಳಿದವು ಕಂಬಿ ಕೀಳುತ್ತವೆ. ಅನ್ನ ಹಾಕುವವರೇ ಇಲ್ಲಿ ಬೇಕಾದವರು. ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಿ (ಅರಿವಳಿಕೆಗೂ ಹೊಟ್ಟೆ ಖಾಲಿಯಿರಬೇಕು), ಬೆಳಿಗ್ಗೆ ಅವರೇ ಬಿಸ್ಕತ್ತು ಹಿಡಿದು ಕರೆಯಲಿ. ಹೆದರುವ ನಾಯಿಗಳನ್ನು ಮೊದಲು, ಮೈಮೇಲೆ ಬೀಳುವಷ್ಟು ಸಲಿಗೆಯವನ್ನು ಕೊನೆಗೆ. ಗಾಡಿ ಹೊರಡುವ ಮುನ್ನ ಪ್ರತಿ ನಾಯಿಯ ಫೋಟೊ, ಗೇಟ್ ನಂಬರ್ ಸಿಬ್ಬಂದಿಗೆ ಕೊಡಿ. ‘ಅದೇ ವಾರ್ಡ್’ ಸಾಲದು, ಎರಡು ಬೀದಿ ಆಚೆ ಇಳಿಸಿದರೂ ಕಚ್ಚಾಟ ಖಚಿತ.

ಕಸದ_ಮೂಲೆ:
ಒಂದು ತಿದ್ದುಪಡಿ. ಕಿವಿ ಕಚ್ಚು ಆಪರೇಷನ್ ಆಗಿದೆ ಅಂತಷ್ಟೇ ಹೇಳುತ್ತೆ, ಈ ವರ್ಷದ ಲಸಿಕೆ ಆಗಿದೆ ಅಂತಲ್ಲ. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ ಬೇಕು, ಕನಿಷ್ಠ ನೂರಕ್ಕೆ ಎಪ್ಪತ್ತು ನಾಯಿಗಳಿಗೆ. ಆ ಐದನ್ನೂ ಲಸಿಕೆ ಪಟ್ಟಿಗೆ ಸೇರಿಸಿ. ಊಟದ ಜಾಗ ಮೆಟ್ಟಿಲು, ಗೇಟು, ಆಟದ ಮೈದಾನದಿಂದ ದೂರ ಇರಲಿ. ಮಕ್ಕಳ ಓಡಾಟ ಇಲ್ಲದ ಹೊತ್ತು ನೋಡಿ, ಉಳಿದದ್ದನ್ನು ಅರ್ಧ ಗಂಟೆಯಲ್ಲಿ ಎತ್ತಿಬಿಡಿ.

ಪಾರ್ಕಿಂಗ್_ಬೆಕ್ಕು:
ಬೆಕ್ಕಿಗೆ ಬಲೆ ಬೇಡ, ಬೋನು ಸಾಕು. ಒಂದು ವಾರ ಬಾಗಿಲು ಬೀಳದಂತೆ ಕಟ್ಟಿ, ಊಟ ಬೋನಿನೊಳಗೇ ಇಡಿ. ಹಿಡಿಯುವ ಹಿಂದಿನ ರಾತ್ರಿ ಏನೂ ಹಾಕಬೇಡಿ. ಬೆಳಿಗ್ಗೆ ತಳಕ್ಕೆ ಪೇಪರ್ ಹಾಸಿ, ತುದಿಯಲ್ಲಿ ಒಂದು ಚಮಚ ಬೂತಾಯಿ ಮೀನು. ಹೆಚ್ಚು ಇಟ್ಟರೆ ಆಪರೇಷನ್‌ಗೆ ಮುಂಚೆ ಹೊಟ್ಟೆ ತುಂಬುತ್ತೆ. ಬಾಗಿಲು ಬಿದ್ದ ಕೂಡಲೇ ಬಟ್ಟೆ ಮುಚ್ಚಿ. ಬೆಳಕು ಕಂಡರೆ ಕಂಬಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತವೆ. ಬೋನು ಇಟ್ಟು ಆಫೀಸಿಗೆ ಹೋಗಬೇಡಿ.

ತಡ ಮಾಡಬೇಡಿ. ನಾಲ್ಕೈದು ತಿಂಗಳ ಮರಿಯೇ ಬಸುರಾಗಬಹುದು, ಗರ್ಭ ಸುಮಾರು 63–65 ದಿನ, ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟಬಹುದು. ಮೊಲೆಗಳು ಕೆಂಪಗೆ ಉಬ್ಬಿ, ಸುತ್ತ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ. ಮೊದಲು ಮರಿ ಹುಡುಕಿ.

ಮೂರನೇ_ಅಡ್ಡರಸ್ತೆ:
ಧನ್ಯವಾದ. ಹಿಡಿಯುವಾಗ ಯಾರಿಗಾದರೂ ಕಚ್ಚಿದರೆ?

ಬಲೆ_ಬೋನು:
ನಲ್ಲಿ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಖಾರದಪುಡಿ ಬೇಡ, ಪಟ್ಟಿಯೂ ಕಟ್ಟಬೇಡಿ. ಅದೇ ದಿನ ಆಸ್ಪತ್ರೆಗೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಬೆಕ್ಕು ಪರಚಿದರೂ ಇದೇ ಲೆಕ್ಕ. ದಿನಾ ಅನ್ನ ಹಾಕುವವರು ಮುಂಚಿತವಾಗಿಯೇ ಲಸಿಕೆ ತಗೊಂಡಿರಲಿ. ಆಮೇಲೆ ಕಚ್ಚಿದರೂ ಆಸ್ಪತ್ರೆಗೆ ಹೋಗಲೇಬೇಕು, ಆದರೆ ಡೋಸು ಕಡಿಮೆ, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.