ಅಪ್‌ಡೇಟ್: ಮಗಳಿಗೂ ನನಗೂ ಪ್ರತ್ಯೇಕ ಬಾಕ್ಸಿಂಗ್ ಪಾಠ, ಮೈಸೂರು

13 ವರ್ಷದ ಮಗಳು, 46ರ ನಾನು, ಇಬ್ಬರೂ ಹೊಸಬರು. ಕೋಚ್ ಹತ್ತಿರ ಒಬ್ಬೊಬ್ಬರಾಗಿ ಬಾಕ್ಸಿಂಗ್ ಕಲಿಯಬೇಕಾ, ಬ್ಯಾಚ್ ಸಾಕಾ ಅಂತ ಕೇಳಿದ್ದೆ. ಪ್ರತ್ಯೇಕ ಪಾಠಕ್ಕೇ ಸೇರಿದೆವು. ಕುವೆಂಪುನಗರದಲ್ಲಿ, ಬೆಳಗ್ಗೆ.

ಶುರುವಿನಲ್ಲಿ ಗ್ಲೌಸ್ ಮುಟ್ಟಲೇ ಇಲ್ಲ. ಬರೀ ನಿಲುವು, ಹೆಜ್ಜೆ, ಕೈಗೆ ಪಟ್ಟಿ ಸುತ್ತುವುದು. 4.5 ಮೀಟರ್ ಪಟ್ಟಿ! ಮಣಿಕಟ್ಟಿಗೂ ಗೆಣ್ಣುಗಳಿಗೂ ಅದೇ ಆಸರೆ. ಮಗಳು ಎಡಚಿ. ಕೋಚ್ ಅದನ್ನು ಗಮನಿಸಿ ಬಲಗಾಲು ಮುಂದೆ ಇಡಿಸಿದರು. ಇದು ಸೌತ್‌ಪಾ ನಿಲುವಂತೆ. ದೊಡ್ಡ ಗುಂಪಿನಲ್ಲಿ ಇಷ್ಟು ಯಾರು ನೋಡುತ್ತಾರೆ? ನನಗೆ ಮಂಡಿನೋವು, ಹಾಗಾಗಿ ಸ್ಕಿಪ್ಪಿಂಗ್ ಬಿಡಿಸಿ ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿ ಇಲ್ಲದೆ ಗಾಳಿಗೆ ಗುದ್ದುವುದು, ಕೊಟ್ಟರು. 3 ನಿಮಿಷ ರೌಂಡ್, 1 ನಿಮಿಷ ವಿಶ್ರಾಂತಿ. ಆ 3 ನಿಮಿಷ ಎಷ್ಟು ಉದ್ದ ಅಂತ ಗುದ್ದಿದವರಿಗೇ ಗೊತ್ತು.

ನಮ್ಮಮ್ಮನಿಗೆ ಮಾತ್ರ ದಸರಾದ ವಜ್ರಮುಷ್ಟಿ ಕಾಳಗ ನೆನಪಾಯಿತು. ಅಲ್ಲಿ ರಕ್ತ ಕಂಡರೇ ಕಾಳಗ ಮುಗಿಯುವುದು ಅಲ್ವಾ! ಮೊಮ್ಮಗಳು ಗುದ್ದುತ್ತಿರುವುದು ಕೋಚ್ ಹಿಡಿದ ಪ್ಯಾಡ್‌ಗೆ ಅಂತ ಬಂದು ನೋಡಿದ ಮೇಲೆ ಸುಮ್ಮನಾದರು.

ಶುಲ್ಕ ಬ್ಯಾಚಿಗಿಂತ ಜಾಸ್ತಿ, ಅದು ನಿಜ. ಇನ್ನೊಂದು ಕೊರತೆ, ಸ್ಪಾರಿಂಗ್‌ಗೆ, ಅಂದರೆ ಎದುರಾಳಿಯೊಂದಿಗೆ ಅಭ್ಯಾಸದ ಗುದ್ದಾಟಕ್ಕೆ, ಜೊತೆ ಇಲ್ಲ. ಕೋಚ್ ಎಷ್ಟೇ ಚೆನ್ನಾಗಿದ್ದರೂ ತನ್ನದೇ ವಯಸ್ಸು, ತೂಕದ ಎದುರಾಳಿ ಬೇರೆಯೇ. ಅದಕ್ಕೆ ಮಗಳನ್ನು ಶನಿವಾರ ಬ್ಯಾಚಿಗೂ ಕಳಿಸುತ್ತೇವೆ. ಹೆಡ್‌ಗಾರ್ಡ್, ಮೌತ್‌ಗಾರ್ಡ್ ಹಾಕಿಯೇ ಇಳಿಯಬೇಕು ಅಂತ ಹೇಳಿದ್ದೇನೆ. ನನಗಂತೂ ಸ್ಪಾರಿಂಗ್ ಬೇಡವೇ ಬೇಡ, ಪ್ಯಾಡ್ ಸಾಕು.